ಅನಂತನನ್ನು ಕಂಡಿರಾ?

ಭಾದ್ರಪದ ಶುಕ್ಲ ಚತುರ್ದಶಿಯ ಬೆಳಿಗ್ಗೆ, ವಿಷ್ಣುವನ್ನು ಅನಂತನೆಂದು ಪೂಜಿಸುವ ಅನಂತವ್ರತಕ್ಕೆ ಕುಳಿತಿದ್ದೆ; ಅದು 14ನೆಯ, ಕೊನೆಯ ವರ್ಷ. ಎಡ ಅಂಗೈಯನ್ನು ಬಲ ತೊಡೆಯ ಮೇಲೆ ಅಂಗಾತವಾಗಿಟ್ಟು, ಅದರಲ್ಲಿ ಅಕ್ಷತೆ ಹಿಡಿದು, ಬಲಗೈಯಿಂದ ಮುಚ್ಚಿಕೊಂಡಿದ್ದೆ. ದ್ವಿತೀಯ ಪರಾರ್ಧ, ಶ್ವೇತವರಾಹ ಕಲ್ಪ, ವೈವಸ್ವತ ಮನ್ವಂತರ, ಕಲಿಯುಗದ ಪ್ರಥಮ ಪಾದ ಎಂದು ಎಂದಿನ ಓಟದಲ್ಲಿ ಸಂಕಲ್ಪ ಹೇಳಿಸುತ್ತಿದ್ದ ಪುರೋಹಿತರು ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿಗಳನ್ನೆಲ್ಲ ದಾಟಿ ನನ್ನ ಗೋತ್ರಕ್ಕೆ ಬಂದರು, ಹೆಸರಿಗೆ ಬಂದರು, ಅಲ್ಲಿ ಒಮ್ಮೆ ನಿಂತರು. “ಈ ಸಲ ಉದ್ಯಾಪನೆ ಅಲ್ಲವೇ? ವಿಶೇಷವಾಗಿ ಏನಾದರೂ ಹೇಳಿಕೊಳ್ಳುವುದಿದೆಯೇ?” ಎಂದು ಕೇಳಿದರು. ನನಗೆ ಏನೂ ತೋಚಲಿಲ್ಲ.

ವ್ರತ ಹಿಡಿದ ಮೊದಲ ವರ್ಷ ಈ ಪ್ರಶ್ನೆಗೆ ನನ್ನ ಬಳಿ ಉತ್ತರ ಸಿದ್ಧವಾಗಿತ್ತು. ಆಗ ನನ್ನ ಕೆಲಸ ಹೋಗಿತ್ತು. ಕಳೆದುಕೊಂಡದ್ದು ಮರಳಿ ಬರಲೆಂದು ಹಿಡಿಯುವ ವ್ರತವಿದು. ರಾಜ್ಯ ಕಳೆದುಕೊಂಡು ವನವಾಸದಲ್ಲಿದ್ದ ಧರ್ಮರಾಯನಿಗೆ ಶ್ರೀಕೃಷ್ಣನು ಇದನ್ನು ಉಪದೇಶಿಸಿದನೆಂಬುದೇ ಕಥೆಯ ಆರಂಭ. 432 ಕೋಟಿ ವರ್ಷಗಳ ಒಂದು ಕಲ್ಪದಿಂದ ಹೊರಟು, ಹಂತಹಂತವಾಗಿ ಕೆಳಗಿಳಿದು, ಕೊನೆಗೆ ಒಬ್ಬನ ಹೆಸರಿನ ಮುಂದೆ ಬಂದು ನಿಲ್ಲುವ ಆ ಮಹಾಸಂಕಲ್ಪದ ತುದಿಯಲ್ಲಿ ನಾನು ಕೇಳಿದ್ದು ತಿಂಗಳ ಸಂಬಳವನ್ನು. ಅದನ್ನು ನೆನೆದರೆ ಈಗ ನಗು ಬರುತ್ತದೆ, ಆದರೆ ಆ ದಿನ ನನ್ನ ಧ್ವನಿ ನಡುಗಿದ್ದು ನಿಜ. ಎರಡನೆಯ ವರ್ಷ ಮುಗಿಯುವುದರೊಳಗೆ ಕೆಲಸ ಸಿಕ್ಕಿತು. ಹಿಡಿದ ವ್ರತವನ್ನು ನಡುವೆ ಬಿಡಬಾರದೆಂಬ ಮಾತಿಗೆ ಕಟ್ಟುಬಿದ್ದು ಉಳಿದ 12 ವರ್ಷಗಳನ್ನು ನಡೆಸಿಕೊಂಡು ಬಂದೆ. ಯಮುನಾಪೂಜೆ, ಏಳು ಹೆಡೆಯ ದರ್ಭೆಯ ಶೇಷ, 14 ಗಂಟಿನ ಕೆಂಪು ದಾರ, ಎಲ್ಲವೂ ಇದ್ದವು. ಧ್ವನಿಯ ನಡುಕ ಮಾತ್ರ ಇರಲಿಲ್ಲ.

ಬೇಡಿದ್ದು ಕೈಗೆ ಬಂದ ಮೇಲೆ ವ್ರತವೇತಕ್ಕೆ ಎಂಬ ಪ್ರಶ್ನೆಯೂ, ಓದು, ಉದ್ಯೋಗ, ಮನೆ, ಮಕ್ಕಳು ಎಂದು ಹಾಕಿಕೊಂಡ ಗುರಿಗಳೆಲ್ಲ ಒಂದೊಂದಾಗಿ ಮುಗಿದ ಮೇಲೆ ಬದುಕೇತಕ್ಕೆ ಎಂಬ ಪ್ರಶ್ನೆಯೂ ಬೇರೆಬೇರೆಯಲ್ಲವೆಂದು ನನಗೆ ಹೊಳೆದದ್ದು ಆ ಬೆಳಿಗ್ಗೆ, ಬಾಯಿಗೆ ಮಾತು ಬಾರದೆ ಕುಳಿತ ಆ ಕ್ಷಣದಲ್ಲಿ. ಕಷ್ಟದಲ್ಲಿರುವವನಿಗೆ ಈ ಪ್ರಶ್ನೆ ಏಳುವುದಿಲ್ಲ. ಅವನ ಉದ್ದೇಶ ಅವನ ಕಣ್ಣೆದುರೇ ಇರುತ್ತದೆ. ಹೊಟ್ಟೆ ತುಂಬಿದ ಮೇಲೆ ಏಳುವ ಪ್ರಶ್ನೆಯೆಂದು ಇದನ್ನು ಹಗುರವಾಗಿ ಕಾಣುವವರಿದ್ದಾರೆ. ಹೊಟ್ಟೆ ತುಂಬಿದ ಮೇಲೂ ಏಳದಿದ್ದರೆ ಮತ್ತೆ ಯಾವಾಗ ಏಳಬೇಕು ಎಂಬುದು ನನ್ನ ಮರುಪ್ರಶ್ನೆ.

ಪುರೋಹಿತರು ಹೆಚ್ಚು ಕಾಯಲಿಲ್ಲ. ಶ್ರೀಮದನಂತಪದ್ಮನಾಭ ಪ್ರೀತ್ಯರ್ಥಂ ಎಂದು ತಾವೇ ತುಂಬಿಸಿ, ಉದ್ಧರಣೆಯಿಂದ ನನ್ನ ಕೈಗೆ ನೀರು ಬಿಟ್ಟರು. ಅಕ್ಷತೆಯ ನಾಲ್ಕು ಕಾಳು ನೀರಿನೊಡನೆ ತಟ್ಟೆಗೆ ಜಾರಿದವು. ಪೂಜೆ ಮುಂದುವರಿಯಿತು, ಕಥಾಶ್ರವಣದ ಹೊತ್ತು ಬಂತು.

ಕಥೆ ಗೊತ್ತಿರುವುದೇ. ಕೌಂಡಿನ್ಯನೆಂಬ ಬ್ರಾಹ್ಮಣನ ಹೆಂಡತಿ ಸುಶೀಲೆ, ನದಿಯ ದಂಡೆಯಲ್ಲಿ ಕೆಂಪು ಸೀರೆಯುಟ್ಟ ಹೆಂಗಸರು ವ್ರತ ಮಾಡುತ್ತಿರುವುದನ್ನು ಕಂಡು ತಾನೂ ಮಾಡಿ, ಕೈಗೆ ದಾರ ಕಟ್ಟಿಕೊಳ್ಳುತ್ತಾಳೆ. ಮನೆಯಲ್ಲಿ ಸಂಪತ್ತು ತುಂಬುತ್ತದೆ. ಒಂದು ದಿನ ಆ ದಾರ ಗಂಡನ ಕಣ್ಣಿಗೆ ಬಿದ್ದು, ತನ್ನನ್ನು ವಶಮಾಡಿಕೊಳ್ಳಲು ಕಟ್ಟಿದ್ದೆಂದು ಶಂಕಿಸಿ ಅವನು ಅದನ್ನು ಕಿತ್ತು ಬೆಂಕಿಗೆ ಹಾಕುತ್ತಾನೆ. ಸುಶೀಲೆ ಓಡಿಬಂದು ಅದನ್ನೆತ್ತಿ ಹಾಲಿನಲ್ಲಿ ಅದ್ದುತ್ತಾಳೆ. ಸಂಪತ್ತೆಲ್ಲ ಹೋಗುತ್ತದೆ. ಆಮೇಲೆ ಕೌಂಡಿನ್ಯನು ಅನಂತನನ್ನು ಕಾಣದೆ ಹಿಂದಿರುಗುವುದಿಲ್ಲವೆಂದು ಕಾಡು ಹೊಗುತ್ತಾನೆ. ಸಂಪತ್ತು ಹೋದದ್ದನ್ನೂ ಬಂದದ್ದನ್ನೂ ಕೇಳಿ ನಾವು ಕೈಮುಗಿದು ಏಳುತ್ತೇವೆ, ನಡುವಿನ ಈ ಕಾಡಿನ ಭಾಗವನ್ನು ಕಿವಿಯಿಂದ ದಾಟಿಸಿಬಿಡುತ್ತೇವೆ. ಕಥೆಯ ಜೀವ ಇರುವುದು ಅಲ್ಲಿಯೇ.

ಕಾಡಿನಲ್ಲಿ ಅವನಿಗೆ ಒಂದು ಮಾವಿನ ಮರ ಕಾಣುತ್ತದೆ. ಮರದ ತುಂಬ ಹಣ್ಣು, ಆದರೆ ಒಂದು ಹಕ್ಕಿಯೂ ಕೂರುವುದಿಲ್ಲ, ಹಣ್ಣಿನ ತುಂಬ ಹುಳು. “ಅನಂತನನ್ನು ಕಂಡೆಯಾ?” ಎಂದು ಕೇಳುತ್ತಾನೆ. ಮರ ಇಲ್ಲವೆನ್ನುತ್ತದೆ. ಮುಂದೆ ಹುಲ್ಲಿನ ನಡುವೆ ಅತ್ತಿತ್ತ ಓಡಾಡುವ, ಕರುವಿರುವ ಹಸು. ಅದನ್ನೂ ಅದೇ ಕೇಳುತ್ತಾನೆ. ಎತ್ತನ್ನು ಕೇಳುತ್ತಾನೆ. ತಾವರೆ ತುಂಬಿದ ಎರಡು ಕೊಳಗಳು, ಒಂದರ ನೀರು ಇನ್ನೊಂದಕ್ಕೆ ಹರಿಯುತ್ತಿರುತ್ತದೆ, ಅವುಗಳನ್ನೂ ಕೇಳುತ್ತಾನೆ. ಕತ್ತೆಯನ್ನು, ಆನೆಯನ್ನು ಕೇಳುತ್ತಾನೆ. ಯಾರೂ ಕಂಡಿಲ್ಲ. ಆಸೆಗೆಟ್ಟು ನೆಲಕ್ಕೆ ಬಿದ್ದವನ ಮುಂದೆ ಒಬ್ಬ ಮುದುಕ ಬಂದು, ಬಲಗೈ ಹಿಡಿದು ಗುಹೆಯೊಳಗೆ ಕರೆದೊಯ್ಯುತ್ತಾನೆ. ಅನಂತನ ದರ್ಶನ ಆಗುವುದು ಆ ಗುಹೆಯಲ್ಲಿ.

ದಾರಿಯಲ್ಲಿ ಕಂಡವರು ಯಾರೆಂದು ಅನಂತನೇ ಬಿಡಿಸಿ ಹೇಳುತ್ತಾನೆ. ಮಾವಿನ ಮರ, ತಾನು ಕಲಿತ ವಿದ್ಯೆಯನ್ನು ಶಿಷ್ಯರಿಗೆ ಹೇಳಿಕೊಡದೆ ಹೋದ ಒಬ್ಬ ವಿದ್ವಾಂಸ. ಹಸು, ತನ್ನಲ್ಲಿ ಬಿತ್ತಿದ ಬೀಜವನ್ನು ನುಂಗಿಕೊಂಡ ಭೂಮಿ. ಕೊಳಗಳು, ದಾನಧರ್ಮವನ್ನೆಲ್ಲ ತಮ್ಮತಮ್ಮೊಳಗೇ ಕೊಟ್ಟುಕೊಂಡು ಬಾಗಿಲಿಗೆ ಬಂದವರಿಗೆ ಏನೂ ಕೊಡದಿದ್ದ ಅಕ್ಕತಂಗಿಯರು. ಕತ್ತೆ ಕ್ರೋಧ, ಆನೆ ಮದ, ಎತ್ತು ಧರ್ಮ. ಕೈಹಿಡಿದ ಮುದುಕ ಸ್ವತಃ ಅನಂತ. ಹೊಕ್ಕ ಗುಹೆ ಬೇರೆ ಯಾವುದೂ ಅಲ್ಲ, ಸಂಸಾರ.

ಇದನ್ನು ನಾನು 13 ಸಲ ಕೇಳಿದ್ದೆ. 14ನೆಯ ಸಲ ಕೇಳುವಾಗ ಮನಸ್ಸಿಗೆ ಚುಚ್ಚಿದ್ದು ಕೌಂಡಿನ್ಯನ ಹುಡುಕಾಟದ ಶ್ರದ್ಧೆಯಲ್ಲ, ಅವನ ಪ್ರಶ್ನೆಯ ಬಡತನ. ಅವನಲ್ಲಿದ್ದದ್ದು ಒಂದೇ ಪ್ರಶ್ನೆ. ಹಣ್ಣು ತುಂಬಿದ ಮರದ ಮೇಲೆ ಹಕ್ಕಿ ಕೂರದಿರುವುದನ್ನು ಕಣ್ಣಾರೆ ಕಂಡೂ ಅವನು, ನಿನಗೇನಾಗಿದೆ ಎಂದು ಕೇಳಲಿಲ್ಲ. ಹುಲ್ಲಿನ ನಡುವೆಯೇ ನೆಲೆಯಿಲ್ಲದೆ ಓಡುವ ಹಸುವನ್ನು ಮೈದಡವಿ ನಿಲ್ಲಿಸಲಿಲ್ಲ. ಎದುರಿಗೆ ನಿಂತದ್ದು ಧರ್ಮವೇ ಆಗಿದ್ದರೂ, ಅನಂತ ಎಲ್ಲಿ ಎಂದು ಅದನ್ನೇ ಕೇಳಿ ಮುಂದೆ ಹೋದ. ಜೀವನದ ಅರ್ಥವನ್ನು ಹುಡುಕಿಕೊಂಡು ಹೊರಟವನ ದೊಡ್ಡ ಅಪಾಯ ಇದೇ ಇರಬಹುದು: ಎದುರಾದವರೆಲ್ಲ ಅವನಿಗೆ ಬರಿಯ ದಾರಿ ಕೇಳಲಿಕ್ಕಿರುವ ಜನರಾಗಿಬಿಡುತ್ತಾರೆ. ಗುರುಗಳು, ಕ್ಷೇತ್ರಗಳು, ಪ್ರವಚನಗಳು, ಧ್ಯಾನಶಿಬಿರಗಳು ಎಂದು ನಾನೂ ಕೆಲವು ವರ್ಷ ಸುತ್ತಿದವನೇ ಆದ್ದರಿಂದ ಈ ಮಾತನ್ನು ಬೇರೆಯವರ ಮೇಲೆ ಹೊರಿಸುತ್ತಿಲ್ಲ.

ಪುರಾಣಕಾರನು ಗುಹೆಗೆ ಸಂಸಾರವೆಂಬ ಅರ್ಥ ಹೇಳಿದ್ದು ನನಗೆ ಇನ್ನೂ ಪೂರ್ತಿ ಜೀರ್ಣವಾಗಿಲ್ಲ. ದರ್ಶನ ಸಂಸಾರದ ಆಚೆ ಆಗಬೇಕಿತ್ತಲ್ಲ? ಮನೆ ಬಿಟ್ಟು ಕಾಡಿಗೆ ಹೋದವನನ್ನು ದೇವರು ಕೈಹಿಡಿದು ಕರೆತಂದದ್ದು ಅವನು ಬಿಟ್ಟುಬಂದ ಜಾಗಕ್ಕೇ. ಸುಶೀಲೆಯ ಕೈಯಲ್ಲಿದ್ದ ದಾರದ ರೂಪದಲ್ಲಿ ಅನಂತನು ಅವನ ಮನೆಯೊಳಗೇ ಇದ್ದನೆಂಬುದನ್ನು ಮರೆಯದಿದ್ದರೆ ಈ ತಿರುವು ಅಷ್ಟು ವಿಚಿತ್ರವೆನಿಸದು.

ಆದರೆ ನನ್ನನ್ನು ಹೆಚ್ಚು ಕಾಡಿದ್ದು ಮಾವಿನ ಮರ. ಕಚೇರಿಯಲ್ಲಿ ಹೊಸದಾಗಿ ಸೇರಿದ ಹುಡುಗನೊಬ್ಬ ಲೆಕ್ಕಪತ್ರದ ಒಂದು ಭಾಗವನ್ನು ಹೇಳಿಕೊಡಿ ಎಂದು ಎರಡು ತಿಂಗಳಿಂದ ಕೇಳುತ್ತಿದ್ದ. ನಾಳೆ ನೋಡೋಣ ಎನ್ನುತ್ತಲೇ ಬಂದಿದ್ದೆ. ಬಿಡುವಿರಲಿಲ್ಲವೆಂಬುದು ಅರ್ಧ ನಿಜ. ಅದು ನನಗೊಬ್ಬನಿಗೇ ಗೊತ್ತಿರಲಿ ಎಂಬ ಆಸೆ ಉಳಿದರ್ಧ. ಒಮ್ಮೆ ಕೆಲಸ ಕಳೆದುಕೊಂಡವನ ಭಯವೆಂದು ಅದಕ್ಕೆ ಸಮಜಾಯಿಷಿಯನ್ನೂ ಕೊಟ್ಟುಕೊಂಡಿದ್ದೆ. ಹಣ್ಣಿನಲ್ಲಿ ಹುಳು ಬೀಳುವುದು ಹೀಗೆಯೇ ಇರಬೇಕು.

ಸಂಸ್ಕೃತದಲ್ಲಿ ‘ಮಾಡುತ್ತೇನೆ’ ಎಂಬುದಕ್ಕೆ ಎರಡು ರೂಪಗಳಿವೆ. ಫಲ ತನಗೇ ಸೇರುವುದಾದರೆ ‘ಕರಿಷ್ಯೇ’, ಬೇರೊಬ್ಬರಿಗಾಗಿ ಮಾಡುವುದಾದರೆ ‘ಕರಿಷ್ಯಾಮಿ’. ಆದ್ದರಿಂದಲೇ ಪೂಜೆ ಮಾಡಿಸುವ ಯಜಮಾನನು ಸಂಕಲ್ಪದ ಕೊನೆಗೆ ‘ಕರಿಷ್ಯೇ’ ಎನ್ನುತ್ತಾನೆ. ಹೀಗೆ ತನ್ನ ಫಲವನ್ನು ಕೇಳಿಕೊಂಡೇ ಶುರುವಾದ ಪೂಜೆ ಮುಗಿಯುವಾಗ ಮತ್ತೊಮ್ಮೆ ನೀರು ಬಿಡಬೇಕು. ಪುರೋಹಿತರು ಉದ್ಧರಣೆ ಎತ್ತಿದರು. ಬೆಳಗಿನ ತಟ್ಟೆ ಇನ್ನೂ ಅಲ್ಲಿಯೇ ಇತ್ತು, ತಳದಲ್ಲಿ ಆ ನಾಲ್ಕು ಕಾಳು ನೆನೆದು ಉಬ್ಬಿದ್ದವು. “ಭಗವಾನ್ ಅನಂತಪದ್ಮನಾಭಃ ಪ್ರೀಯತಾಂ, ನ ಮಮ” ಎಂದು ಅವರು ಹೇಳಿಸಿದರು. ಇದು ನನ್ನದಲ್ಲ ಎಂಬ ಆ ಎರಡು ಮಾತನ್ನು 13 ವರ್ಷ ಅವರ ಹಿಂದೆ ಗೊಣಗಿ ಮುಗಿಸುತ್ತಿದ್ದವನು ಈ ಸಲ ಬಿಡಿಸಿ ಹೇಳಿದೆ; ಧ್ವನಿ ಮೊದಲ ವರ್ಷದಂತೆಯೇ ಸ್ವಲ್ಪ ನಡುಗಿತು. ದಾರ ಬಿಚ್ಚಿಟ್ಟು ಎದ್ದವನು ಆ ಹುಡುಗನಿಗೆ ಫೋನ್ ಮಾಡಿ, ನಾಳೆ ಅರ್ಧ ಗಂಟೆ ಮೊದಲೇ ಬಾ ಎಂದೆ.