ಇದನ್ನೆಲ್ಲ ಯಾವಾಗ ನೋಡುತ್ತೀರಿ, ಕಾಕಾ?

ಮಂಗಳವಾರ ಹುಬ್ಬಳ್ಳಿಯಲ್ಲಿ, ಕೊಪ್ಪೀಕರ ರಸ್ತೆಯ ಹತ್ತಿರದ ಒಂದು ಕಂಪ್ಯೂಟರ್ ಅಂಗಡಿಯಲ್ಲಿ, ನನ್ನ ಮಗಳಿಗಿಂತ ಚಿಕ್ಕವನಾದ ಹುಡುಗನೊಬ್ಬ ಕೇಳಿದ ಪ್ರಶ್ನೆ ಇದು. ಇವತ್ತು ಶನಿವಾರ. ಸಿಟ್ಟು ಇಳಿದಿದೆ, ಪ್ರಶ್ನೆ ಇಳಿದಿಲ್ಲ.

ಅಂಗಡಿಯ ಮೆಟ್ಟಿಲು ಹತ್ತಿದಾಗ ನಾನು ಅವನಿಗೆ 'ಸರ್' ಆಗಿದ್ದೆ. ಲ್ಯಾಪ್‌ಟಾಪಿನೊಳಗೆ ಏನೇನಿದೆ ಎಂದು ನೋಡಿದ ಮೇಲೆ 'ಕಾಕಾ' ಆದೆ.

ಮುದ್ರಣ ಕಾಶಿ ಎನಿಸಿಕೊಂಡ ಗದಗಿನವನು ನಾನು. ದೊಡ್ಡ ಮುದ್ರಣಾಲಯದವನಲ್ಲ, ಬೆಟಗೇರಿಯ ಮನೆಯ ಪಡಸಾಲೆಯಲ್ಲಿ ಕುಳಿತು ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಸಂಘದ ವಾರ್ಷಿಕ ವರದಿಗಳ ಡಿಟಿಪಿ ಮಾಡುವವನು. ಲ್ಯಾಪ್‌ಟಾಪ್ 2013ರದ್ದು. ಬೆಳಿಗ್ಗೆ ಗುಂಡಿ ಒತ್ತಿ, ಸ್ನಾನ ಮುಗಿಸಿ, ಚಹಾ ಕುಡಿದು ಬಂದರೂ ತೆರೆಯ ಮೇಲೆ ಚುಕ್ಕೆಗಳು ತಿರುಗುತ್ತಲೇ ಇರುತ್ತಿದ್ದವು. ಅದನ್ನು ಸಹಿಸಿದ್ದೆ. ಆದರೆ ಹೋದ ತಿಂಗಳಿನಿಂದ ಒಳಗೆ, ಕಡತಗಳೆಲ್ಲ ಇರುವ ಹಾರ್ಡ್ ಡಿಸ್ಕಿನಲ್ಲಿ, ಹಲ್ಲಿ ನುಡಿದಂತೆ ಟಕ್ ಟಕ್ ಶಬ್ದ ಶುರುವಾಯಿತು. ಲಗ್ನದ ಸುಗ್ಗಿಯಲ್ಲಿ ಇದು ಕೈಕೊಟ್ಟರೆ ಊರಿನಲ್ಲಿ ತಲೆ ಎತ್ತಿ ಓಡಾಡುವ ಹಾಗಿಲ್ಲ.

ಬೆಂಗಳೂರಿನಲ್ಲಿರುವ ಅಳಿಯ ಫೋನಿನಲ್ಲಿ, "ಮಾವಾ, 7200 ಆರ್‌ಪಿಎಂ ಡಿಸ್ಕ್ ಕೇಳಿ, ಬೇರೆ ಏನೂ ತೆಗೆದುಕೊಳ್ಳಬೇಡಿ" ಎಂದಿದ್ದ. ಒಳ್ಳೆಯ ಹುಡುಗ. ಆದರೆ ಯಾವ ವಿಷಯಕ್ಕಾದರೂ ಒಂದು ಸಂಖ್ಯೆ ಹೇಳಿ ಮಾತು ಮುಗಿಸುತ್ತಾನೆ, ನನ್ನ ರಕ್ತದೊತ್ತಡಕ್ಕೂ.

ಅಂಗಡಿಯ ಹುಡುಗ ಆ ಸಂಖ್ಯೆಯನ್ನು ಕೇಳಿ ನಕ್ಕ. ನನ್ನ ಹಳೆಯ ಡಿಸ್ಕ್ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ 90. ಅಳಿಯ ಹೇಳಿದ್ದು ಸೆಕೆಂಡಿಗೆ 120 ಸುತ್ತಿನದು. ಬೇಕಾದ ಅಕ್ಷರವಿರುವ ಜಾಗ ತಿರುಗುತ್ತಾ ಓದುವ ಮುಳ್ಳಿನ ಕೆಳಗೆ ಬರುವ ತನಕ ಯಂತ್ರ ಕಾಯಬೇಕು. ಸರಾಸರಿ ಅರ್ಧ ಸುತ್ತು ಎಂದು ಲೆಕ್ಕ ಹಾಕಿದರೆ ಹಳೆಯದಕ್ಕೆ ಐದೂವರೆ ಮಿಲಿಸೆಕೆಂಡು, 7200ಕ್ಕೆ ನಾಲ್ಕು ಚಿಲ್ಲರೆ. "ಅಷ್ಟಕ್ಕಾಗಿ ಗದಗಿನಿಂದ ಬಂದಿರಾ, ಸರ್?" ಎಂದು ಕೇಳಿ, ಕಪಾಟಿನಿಂದ ಅಂಗೈಯಗಲದ ತೆಳ್ಳನೆಯ ಡಬ್ಬಿಯೊಂದನ್ನು ತೆಗೆದಿಟ್ಟ. ಎಸ್‌ಎಸ್‌ಡಿ. ಅದರಲ್ಲಿ ತಿರುಗುವ ತಟ್ಟೆಯೇ ಇಲ್ಲ, ಎಲ್ಲವೂ ಎಲೆಕ್ಟ್ರಾನಿಕ್ ಚಿಪ್‌ಗಳಲ್ಲಿ. ನನ್ನಂಥ ಹಳೆಯ ಲ್ಯಾಪ್‌ಟಾಪಿನ ಸಾಟಾ ಕೊಂಡಿಯಲ್ಲೂ ಸೆಕೆಂಡಿಗೆ 500 ಎಂಬಿಯಷ್ಟು ಓದುತ್ತದೆ. ತಿರುಗುವ ಡಿಸ್ಕ್ ನೂರರ ಆಸುಪಾಸಿನಲ್ಲೇ ಏದುಸಿರು ಬಿಡುತ್ತದೆ.

"ಎಷ್ಟು ಹಿಡಿಸುತ್ತದೆ?" ಎಂದೆ. 240 ಜಿಬಿ ಎಂದ. ನನಗೆ ಒಂದು ಟಿಬಿ, ಅಂದರೆ ಸಾವಿರ ಜಿಬಿ, ಬೇಕು ಎಂದೆ. ಅಷ್ಟು ದೊಡ್ಡ ಎಸ್‌ಎಸ್‌ಡಿಗೆ ಅವನು ಹೇಳಿದ ಬೆಲೆ ಕೇಳಿ, ಹಾಗಾದರೆ ದೊಡ್ಡ ಹಾರ್ಡ್ ಡಿಸ್ಕನ್ನೇ ಕೊಡು ಎಂದೆ. "ಜಾಗ ಹೆಚ್ಚಾದರೆ ವೇಗ ಹೆಚ್ಚಾಗುವುದಿಲ್ಲ, ಸರ್." ಅದು ನನಗೂ ಗೊತ್ತು. ಹುಬ್ಬಳ್ಳಿ ನಿಲ್ದಾಣದ ಪ್ಲಾಟ್‌ಫಾರ್ಮ್ 1507 ಮೀಟರ್, ಜಗತ್ತಿಗೇ ಉದ್ದದ್ದು. ಹಾಗೆಂದು ಅಲ್ಲಿಗೆ ರೈಲು ಬೇಗ ಬರುತ್ತದೆಯೇ?

ಕೊನೆಗೆ ದಾರಿ ಹುಡುಕಿದವನು ಅವನೇ. ಸಿಡಿ ಹಾಕುವ ಭಾಗವನ್ನು ಕಿತ್ತು, ಆ ಜಾಗದಲ್ಲಿ ಕ್ಯಾಡಿ ಎಂಬ ಚೌಕಟ್ಟು ಕೂರಿಸಿ ಅದರೊಳಗೆ ಒಂದು ಟಿಬಿಯ ಹಾರ್ಡ್ ಡಿಸ್ಕ್. ಹಳೆಯ ಡಿಸ್ಕ್ ಇದ್ದಲ್ಲಿ 240ರ ಎಸ್‌ಎಸ್‌ಡಿ, ಅದರಲ್ಲಿ ವಿಂಡೋಸ್. ಹೊಸ ಡಿಸ್ಕ್ ಜೋಡಿಸಿದಾಗ ತೆರೆಯ ಮೇಲೆ 931 ಜಿಬಿ ಎಂದು ಬಂತು. ಉಳಿದ 69 ಎಲ್ಲಿ ಎಂದು ನಾನು ಜಗಳಕ್ಕೇ ನಿಂತೆ. ಡಿಸ್ಕ್ ಮಾಡುವವರು ಸಾವಿರದ ಲೆಕ್ಕದಲ್ಲಿ ಅಳೆಯುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ. ಮಾರುವವನ ಸೇರು ಬೇರೆ, ಕೊಳ್ಳುವವನ ಸೇರು ಬೇರೆ. ಎಪಿಎಂಸಿಯಲ್ಲಿ ಕಂಡಿದ್ದೆ, ಇಲ್ಲೂ ಇದೆ ಎಂದುಕೊಂಡಿರಲಿಲ್ಲ.

ಹಳೆಯದರಿಂದ ಹೊಸದಕ್ಕೆ ನಕಲು ಮಾಡಲು ನಾಲ್ಕು ಗಂಟೆ ಹಿಡಿಯಿತು. ಆ ನಾಲ್ಕು ಗಂಟೆಯೇ ನನಗೆ ಮುಳುವಾಯಿತು. ತೆರೆಯ ಮೇಲೆ ಕಡತಗಳ ಹೆಸರುಗಳು ಹರಿಯುತ್ತಿದ್ದವು. ಒಂದೇ ಲಗ್ನಪತ್ರಿಕೆಗೆ 'ಫೈನಲ್', 'ಫೈನಲ್ 2', 'ಇದೇ ಫೈನಲ್', 'ಗೌಡರು ಹೇಳಿದ ಫೈನಲ್'. ಮೊಮ್ಮಗನ ಜಾವಳದ ಫೋಟೋಗಳು ನಾಲ್ಕು ಕಡೆ. ಹುಡುಗ ಗಿರಮಿಟ್ ತಿನ್ನುತ್ತಾ ನೋಡುತ್ತಲೇ ಇದ್ದ. ಆಮೇಲೆ, ವ್ಯಂಗ್ಯವೇನೂ ಇಲ್ಲದೆ, ಊಟವಾಯಿತೇ ಎಂದು ಕೇಳುವ ದನಿಯಲ್ಲಿ ಕೇಳಿದ: "ಇದನ್ನೆಲ್ಲ ಯಾವಾಗ ನೋಡುತ್ತೀರಿ, ಕಾಕಾ?"

"ನೋಡುವುದಕ್ಕಲ್ಲ" ಎಂದೆ. ಮತ್ತೆ ಯಾವುದಕ್ಕೆ ಎಂದು ಅವನು ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು.

ರೋಣ ತಾಲ್ಲೂಕಿನ ನಮ್ಮ ಹಳ್ಳಿಯ ಮನೆಯ ಮುಂದೆ ಹಗೇವು, ಅಂದರೆ ಕಾಳು ತುಂಬಿಡುವ ನೆಲದೊಳಗಿನ ಕಣಜ, ಇತ್ತು. ಜೋಳ ತುಂಬಿ ಬಾಯಿ ಮುಚ್ಚಿದರೆ ವರ್ಷಗಟ್ಟಲೆ ಅದರ ಗೊಡವೆಯಿಲ್ಲ. ತೆರೆದ ದಿನ ಅಪ್ಪ ಮೊದಲು ಕಂದೀಲನ್ನು ಹಗ್ಗಕ್ಕೆ ಕಟ್ಟಿ ಇಳಿಬಿಡುತ್ತಿದ್ದ. ದೀಪ ಆರಿದರೆ ಒಳಗೆ ಕೆಟ್ಟ ಗಾಳಿ, ಮನುಷ್ಯ ಇಳಿಯಬಾರದು. ರೈಲಿನಲ್ಲಿ ಬರುವಾಗ ಅಣ್ಣಿಗೇರಿ ದಾಟುವವರೆಗೂ ನನಗೆ ಆ ಕಂದೀಲೇ ನೆನಪಾಗುತ್ತಿತ್ತು. ನಕಲಾಗುವಾಗ ಎರಡು ಹೆಸರುಗಳು ಒಂದರ ಕೆಳಗೊಂದು ಹಾದುಹೋಗಿದ್ದವು: ಒಬ್ಬನ ಲಗ್ನಪತ್ರಿಕೆ, ಅವನು ತೀರಿಕೊಂಡ ಮೇಲೆ ಅವನದೇ ಶಿವಗಣಾರಾಧನೆಯ ಕಾರ್ಡು. ನಡುವೆ ಏಳು ವರ್ಷ. ಎರಡನ್ನೂ ನಾನೇ ಮಾಡಿದ್ದು. ಎರಡನೆಯದಕ್ಕೆ ಫೋಟೋ ಬೇಕೆಂದಾಗ ಅವನ ತಮ್ಮ, ಮೊದಲನೆಯದರಿಂದಲೇ ಕತ್ತರಿಸಿಕೊಳ್ಳಿ, ಬೇರೆ ಒಳ್ಳೆಯ ಫೋಟೋ ಇಲ್ಲ ಎಂದಿದ್ದ. ನಾನು ಬಾಸಿಂಗವನ್ನು ಅಳಿಸಿ ಕೊಟ್ಟಿದ್ದೆ. ಇದನ್ನು ಯಾವಾಗ ನೋಡಬೇಕು? ಯಾವಾಗಲೂ ನೋಡಬಾರದು. ಅಳಿಸಲಿಕ್ಕೂ ಕೈ ಬರುವುದಿಲ್ಲ. ಜಿಬಿಯಲ್ಲಿ ಅಳೆದರೆ ಅದು ಏನೂ ಅಲ್ಲ, ಬರೀ ಎಂಟು ಎಂಬಿ.

ಹೊರಡುವಾಗ ಹುಡುಗ ಹಳೆಯ ಡಿಸ್ಕನ್ನು ತೋರಿಸಿ, "ಇದರ ಕೆಲಸ ಮುಗಿಯಿತು, ಗುಜರಿಗೆ ಹಾಕಲೇ?" ಎಂದಿದ್ದ. ನಾನು ಕಿಸೆಗೆ ಹಾಕಿಕೊಂಡು ಬಂದೆ. ಅವನು ಮುಖ ಬೇರೆ ಕಡೆ ತಿರುಗಿಸಿ ನಕ್ಕದ್ದನ್ನು ನಾನು ಕಂಡೆ.

ಈಗ ಲ್ಯಾಪ್‌ಟಾಪ್ ಅರ್ಧ ನಿಮಿಷದಲ್ಲಿ ಎದ್ದು ಕೂರುತ್ತದೆ. ಚಹಾ ಕುಡಿಯಲು ನೆಪವಿಲ್ಲ. ನಿನ್ನೆ ಒಬ್ಬ ತಾಯಿ ಬಂದರು, ಹಿರಿಯ ಮಗಳ ಲಗ್ನಪತ್ರಿಕೆ ನನ್ನಲ್ಲೇ ಆಗಿತ್ತಂತೆ, ಕಿರಿಯವಳಿಗೂ ಅಂಥದ್ದೇ ಬೇಕು. ನೋಡು ಹುಡುಗಾ, ಇಂಥದ್ದಕ್ಕೆ ಇಟ್ಟುಕೊಳ್ಳುವುದು ಎಂದು ಮನಸ್ಸಿನಲ್ಲೇ ಹೇಳುತ್ತಾ, ಹೆಮ್ಮೆಯಿಂದ ಕಡತ ತೆರೆದೆ. ಕಣ್ಣು ಮಿಟುಕಿಸುವುದರೊಳಗೆ ಬಂತು. ಹೂವು, ಗಣಪತಿ, ಬಳ್ಳಿಯ ಅಂಚು ಎಲ್ಲ ಸರಿಯಾಗಿವೆ. ಅಕ್ಷರ ಮಾತ್ರ ಒಂದೂ ಕನ್ನಡವಲ್ಲ. ಚುಕ್ಕೆ ಚಿಹ್ನೆಗಳ ವಕ್ರ ಸಾಲುಗಳು.

"ಇದು ಯಾವ ಭಾಷೆಯ ಲಗ್ನ?" ಎಂದರು ಆ ತಾಯಿ.

ಅಂಗಡಿಗೆ ಫೋನ್ ಮಾಡಿದೆ. ಹುಡುಗ ಒಂದು ಕ್ಷಣ ಸುಮ್ಮನಿದ್ದು, 'ನುಡಿ' ಎಂಬ ಹಳೆಯ ಕನ್ನಡ ಫಾಂಟುಗಳೆಲ್ಲ ಹಳೆಯ ವಿಂಡೋಸಿನ ಜೊತೆಗೇ ಉಳಿದಿವೆ, ತಾನು ಕಡತಗಳನ್ನಷ್ಟೇ ನಕಲು ಮಾಡಿದ್ದು ಎಂದ. ಆಮೇಲೆ ದನಿ ತಗ್ಗಿಸಿ ಕೇಳಿದ:

"ಆ ಡಿಸ್ಕನ್ನು ಎಸೆದಿಲ್ಲ ತಾನೇ, ಸರ್?"