ಕುಶಾಲನಗರದ ಸೇತುವೆ, ಡೆಟ್ರಾಯಿಟ್‌ನ ಸೇತುವೆ: ಮ್ಯಾರಥಾನ್ ತಯಾರಿಯ ಸೆಪ್ಟೆಂಬರ್ ವರದಿ

ಮೊದಲು ಸದ್ಯದ ಸ್ಥಿತಿ ಹೇಳಿಬಿಡುತ್ತೇನೆ. ಡೆಟ್ರಾಯಿಟ್ ಮ್ಯಾರಥಾನ್‌ಗೆ ಇನ್ನು ಒಂದು ತಿಂಗಳಿದೆ. ಉದ್ದದ ಓಟ 32 ಕಿಲೋಮೀಟರ್‌ಗೆ ಮುಟ್ಟಿದೆ. ಎರಡು ದೇಶಗಳ ವೀಸಾ ಕೈಗೆ ಬಂದಿದೆ. ಮಂಡಿ ಚೆನ್ನಾಗಿದೆ, ಎಡಗಾಲಿನ ಮೀನಖಂಡ ಮಾತ್ರ ಆಗಾಗ ಹಿಡಿದುಕೊಳ್ಳುತ್ತದೆ. ಮಳೆ ಇನ್ನೂ ಪೂರ್ತಿ ನಿಂತಿಲ್ಲ, ಆದರೆ ಜುಲೈನಲ್ಲಿ ಸುರಿದ ಹಾಗೆ ಸುರಿಯುತ್ತಿಲ್ಲ.

ಹೋದ ಸಲ ಬರೆದ ಮೇಲೆ ತುಂಬ ಜನ ಕೇಳಿದ್ದು ಒಂದೇ ಪ್ರಶ್ನೆ. ಬೆಂಗಳೂರು, ಮುಂಬೈ ಎಲ್ಲ ಬಿಟ್ಟು ಅಷ್ಟು ದೂರ ಯಾಕೆ? ಒಂದು ಕಾರಣ ಅಕ್ಕ. ಅವಳು ಇರುವುದು ಕೆನಡಾದ ವಿಂಡ್ಸರ್‌ನಲ್ಲಿ. ಅವಳ ಊರಿನ ಮುಂದೆ ಡೆಟ್ರಾಯಿಟ್ ನದಿ, ನದಿಯ ಆಚೆ ದಡದಲ್ಲಿ ಅಮೆರಿಕ. ಇನ್ನೊಂದು ಕಾರಣ ಆ ಓಟದ ದಾರಿಯೇ. ಡೆಟ್ರಾಯಿಟ್‌ನ ಪೇಟೆಯಲ್ಲಿ ಬೆಳಗ್ಗೆ ಏಳಕ್ಕೆ ಕತ್ತಲಿನಲ್ಲೇ ಓಟ ಶುರುವಾಗುತ್ತದೆ, ಸ್ವಲ್ಪ ಹೊತ್ತಿಗೆ ಅಂಬಾಸಡರ್ ಸೇತುವೆ ಹತ್ತಿ ಕೆನಡಾಕ್ಕೆ ಇಳಿಯಬೇಕು, ವಿಂಡ್ಸರ್‌ನ ನದಿ ದಂಡೆಯಲ್ಲಿ ಓಡಬೇಕು, ಆಮೇಲೆ ನದಿಯ ಕೆಳಗಿರುವ ಸುರಂಗದಲ್ಲಿ ನುಗ್ಗಿ ವಾಪಸ್ ಅಮೆರಿಕಕ್ಕೆ ಬರಬೇಕು. ಹೋಗುವಾಗ ನೀರಿನ ಮೇಲೆ, ಬರುವಾಗ ನೀರಿನ ಅಡಿ. ಇಷ್ಟು ಕೇಳಿದ ಮೇಲೆ ಹೋಗದೆ ಇರೋದು ಹೇಗೆ ಅಲ್ವಾ?

ಇನ್ನೊಂದು ತಮಾಷೆ. ಅಮೆರಿಕದಿಂದ ಕೆನಡಾಕ್ಕೆ ಅಂದರೆ ಉತ್ತರಕ್ಕೆ ಹೋಗಬೇಕು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಇಲ್ಲಿ ಮಾತ್ರ ದಕ್ಷಿಣಕ್ಕೆ ಹೋಗಬೇಕು. ನದಿ ಅಲ್ಲಿ ಹಾಗೆ ತಿರುಗಿದೆ. ಅದಕ್ಕೇ ಸೇತುವೆ ಮೇಲೆ ಓಡುವಾಗ ಸೂರ್ಯ ಎಡಗಡೆಯಿಂದ ಹುಟ್ಟುತ್ತಾನೆ, ಅದೇ ಎಡಗಡೆಗೆ ಡೆಟ್ರಾಯಿಟ್‌ನ ಎತ್ತರದ ಕಟ್ಟಡಗಳೂ ಕಾಣುತ್ತವೆ. ಅಕ್ಕ ಹೋದ ವರ್ಷ ಇದೇ ದಾರಿಯ ಹಾಫ್ ಮ್ಯಾರಥಾನ್ ಓಡಿದ್ದಳು. ಸೇತುವೆಯ ನಡುಮಧ್ಯೆ ಅರ್ಧಕ್ಕರ್ಧ ಜನ ಓಟ ನಿಲ್ಲಿಸಿ ಫೋಟೋ ತೆಗೆಯುತ್ತಾರಂತೆ. "ನೀನು ಟೈಮ್ ಟೈಮ್ ಅಂತ ಓಡಬೇಡ, ಅಲ್ಲಿ ಒಂದು ನಿಮಿಷ ನಿಲ್ಲು" ಅಂದಳು. ನೋಡೋಣ.

ಆ ಸೇತುವೆ ತೆರೆದದ್ದು 1929ರಲ್ಲಿ. ಆಗ ಜಗತ್ತಿನ ಅತಿ ಉದ್ದದ ತೂಗುಸೇತುವೆ ಅದೇ, ಎರಡು ಗೋಪುರಗಳ ನಡುವೆ 564 ಮೀಟರ್. ಎರಡೇ ವರ್ಷಕ್ಕೆ ನ್ಯೂಯಾರ್ಕ್‌ನ ಜಾರ್ಜ್ ವಾಷಿಂಗ್ಟನ್ ಸೇತುವೆ ಆ ಹೆಸರು ಕಿತ್ತುಕೊಂಡಿತು. ಸುರಂಗ ಬಂದದ್ದು 1930ರಲ್ಲಿ, ಉದ್ದ ಒಂದು ಮೈಲಿಗೆ ಸ್ವಲ್ಪ ಕಡಿಮೆ, ಆಳದ ಜಾಗದಲ್ಲಿ ನೀರಿನ ಮಟ್ಟದಿಂದ 75 ಅಡಿ ಕೆಳಗೆ. ಓಟಗಾರರು ಅದನ್ನು ಅಂಡರ್‌ವಾಟರ್ ಮೈಲಿ ಅನ್ನುತ್ತಾರೆ.

ವೀಸಾ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಅದರಷ್ಟು ಬೇಜಾರಿನ ವಿಷಯ ಬೇರೆ ಇಲ್ಲ. ನಮ್ಮ ಪಾಸ್‌ಪೋರ್ಟ್ ಇರುವವರಿಗೆ ಅಮೆರಿಕದ ವೀಸಾ ಬೇರೆ, ಕೆನಡಾದ ವೀಸಾ ಬೇರೆ. ಕೆನಡಾದಲ್ಲಿ ಓಡುವುದು ಒಂದು ಗಂಟೆಯೂ ಇಲ್ಲ, ಆದರೂ ಬೇಕು. ಓಡುವವರ ವಿವರ ಗಡಿ ಅಧಿಕಾರಿಗಳಿಗೆ ಮೊದಲೇ ಹೋಗಿರುತ್ತದೆ, ಎದೆ ಮೇಲಿನ ನಂಬರ್ ಚೀಟಿ ಗಡಿಯಲ್ಲಿ ಎಲ್ಲರಿಗೂ ಕಾಣುವ ಹಾಗಿರಬೇಕು, ಜಾಕೆಟ್ ಹಾಕಿ ಮುಚ್ಚಬಾರದು. ಸಮವಸ್ತ್ರದ ಅಧಿಕಾರಿಗಳು ದಾರಿ ಬದಿ ನಿಂತು ನೋಡುತ್ತಾ ಇರುತ್ತಾರೆ, ಕೆಲವರು ಕೈ ಚಾಚಿ ಹೈ-ಫೈವ್ ಕೊಡುತ್ತಾರೆ ಅಂತ ಅಕ್ಕ ಹೇಳಿದಳು. ಇದನ್ನು ನಮ್ಮ ಸುಬೇದಾರ್ ಅಂಕಲ್‌ಗೆ ಹೇಳಿದೆ. ಅವರು ಪಕ್ಕದ ತೋಟದವರು, ಸೇನೆಯಿಂದ ನಿವೃತ್ತಿ ಆಗಿ ಬಂದು ಈಗ ನನ್ನ ಜೊತೆ ಓಡುತ್ತಾರೆ, ನಿಜ ಹೇಳಬೇಕಂದರೆ ನನಗಿಂತ ಚೆನ್ನಾಗಿ. "ನಮ್ಮ ಕಾಲದಲ್ಲಿ ಗಡಿ ಕಡೆ ಓಡಿದ್ರೆ ಗುಂಡು ಹಾರಿಸ್ತಿದ್ರು ಮಗಾ. ಇವರು ಕೈ ಕುಲುಕ್ತಾರಾ?" ಅಂದರು.

ಈಗ ಅಸಲು ವಿಷಯಕ್ಕೆ ಬರುತ್ತೇನೆ. ನಾನು ವಿರಾಜಪೇಟೆ ಹತ್ತಿರದವನು. ಮನೆ ಗೇಟಿನಿಂದ ಎಡಕ್ಕೆ ಹೋದರೆ ಏರು, ಬಲಕ್ಕೆ ಹೋದರೆ ಇಳಿಜಾರು, ಅದರ ಮುಂದೆ ಮತ್ತೆ ಏರು. ಹಾಗಾಗಿ ಎಲ್ಲರೂ ಹೇಳುತ್ತಿದ್ದದ್ದು, ಡೆಟ್ರಾಯಿಟ್ ನಿನಗೆ ಲೆಕ್ಕವೇ ಅಲ್ಲ, ಅದು ಸಮತಟ್ಟು ಊರು, ಸೇತುವೆ ಒಂದು ಬಿಟ್ಟರೆ ಏರೇ ಇಲ್ಲ. ನೀರಿನಿಂದ 46 ಮೀಟರ್ ಎತ್ತರ ಹತ್ತುವುದು ಮಡಿಕೇರಿಯವರಿಗೆ ಹಾಲು ತರಲು ಹೋಗುವ ದಾರಿ. ಅದೆಲ್ಲ ನಿಜ. ಆದರೆ ಗುಡ್ಡದಲ್ಲಿ ಓಡುವವರಿಗೆ ಕಷ್ಟ ಏರಲ್ಲ, ಸಮತಟ್ಟು ರಸ್ತೆ. ಈ ಮಳೆಗಾಲದಲ್ಲಿ ನನಗೆ ಚೆನ್ನಾಗಿ ಗೊತ್ತಾದದ್ದು ಇದೇ.

ಯಾಕೆ ಅಂತ ಹೇಳುತ್ತೇನೆ. ಏರಿನಲ್ಲಿ ಮೀನಖಂಡ ಮತ್ತು ಪೃಷ್ಠದ ಸ್ನಾಯು ಜಾಸ್ತಿ ದುಡಿಯುತ್ತವೆ. ಇಳಿಜಾರಿನಲ್ಲಿ ತೊಡೆಯ ಮುಂಭಾಗ ಬ್ರೇಕ್ ಹಾಕುತ್ತದೆ. ಒಂದು ದುಡಿಯುವಾಗ ಇನ್ನೊಂದಕ್ಕೆ ಸ್ವಲ್ಪ ಬಿಡುವು. ಏರು ಬಂದಾಗ ನಾಲ್ಕು ಹೆಜ್ಜೆ ನಡೆದರೂ ಯಾರೂ ನಗುವುದಿಲ್ಲ, ನಿಮಗೂ ನಾಚಿಕೆ ಆಗುವುದಿಲ್ಲ. ಸಮತಟ್ಟಿನಲ್ಲಿ ಆ ಸೌಲಭ್ಯ ಇಲ್ಲ. ಅದೇ ಹೆಜ್ಜೆ, ಅದೇ ಉದ್ದ, ಅದೇ ಸ್ನಾಯು, ಸಾವಿರಾರು ಸಲ. ನಡೆಯಲು ನೆಪವೂ ಸಿಗುವುದಿಲ್ಲ. ಜೂನ್‌ನಲ್ಲಿ ಮಡಿಕೇರಿ ರಸ್ತೆಯಲ್ಲಿ ಆರಾಮಾಗಿ 20 ಕಿಲೋಮೀಟರ್ ಓಡುತ್ತಿದ್ದವನು ಕುಶಾಲನಗರದ ಕಡೆ ಮೊದಲ ಸಲ 18 ಓಡಿದಾಗ ಕೊನೆಗೆ ಸೊಂಟ ಹಿಡಿದು ಕೂತಿದ್ದೆ.

ಹಾಗಾಗಿ ಈಗ ಉದ್ದದ ಓಟ ಎಲ್ಲ ಕುಶಾಲನಗರದಲ್ಲೇ. ಅಂಕಲ್ ಜೀಪಿನಲ್ಲಿ ಬೆಳಗ್ಗೆ ಹೊರಡುತ್ತೇವೆ. ಊರು ಬಿಟ್ಟು ಅಷ್ಟು ದೂರ ಹೋಗುವುದಕ್ಕೆ ಆನೆಯೂ ಒಂದು ಕಾರಣ. ದಕ್ಷಿಣ ಕೊಡಗಿನಲ್ಲಿ ತೋಟದ ನಡುವಿನ ರಸ್ತೆಯಲ್ಲಿ ಬೆಳಕು ಹರಿಯುವ ಮುಂಚೆ ಓಡುವುದು ಧೈರ್ಯ ಅಲ್ಲ, ದಡ್ಡತನ. ಶ್ರೀಮಂಗಲ, ಕುಟ್ಟ ಕಡೆಯಂತೂ ಬೇಡವೇ ಬೇಡ. ಹೆಡ್‌ಲ್ಯಾಂಪ್ ಹಾಕಿಕೊಂಡು ಐದಕ್ಕೆ ಓಡುವ ಬೆಂಗಳೂರಿನ ಗೆಳೆಯರು ಇದನ್ನು ಸುಮ್ನೆ ನೆಪ ಅಂದುಕೊಳ್ಳುತ್ತಾರೆ. ಬಂದು ನೋಡಲಿ.

ಕುಶಾಲನಗರದ ದಾರಿ ಹೀಗಿದೆ. ಪೇಟೆಯಿಂದ ಕಾವೇರಿ ಸೇತುವೆ ದಾಟಿ ಕೊಪ್ಪ. ಸೇತುವೆ ಮುಗಿದರೆ ಕೊಡಗು ಮುಗಿಯಿತು, ಆಚೆ ಮೈಸೂರು ಜಿಲ್ಲೆ. ಬೈಲಕುಪ್ಪೆ ತನಕ ಹೋಗಿ, ಟಿಬೆಟಿಯನ್ ಕ್ಯಾಂಪಿನ ರಸ್ತೆಗಳಲ್ಲಿ ಜೋಳದ ಹೊಲಗಳ ಮಧ್ಯೆ ಒಂದು ಸುತ್ತು ಹಾಕಿ ವಾಪಸ್. ಆಮೇಲೆ ಉತ್ತರಕ್ಕೆ ತಿರುಗಿ ಕೂಡಿಗೆ, ಹಾರಂಗಿ ಕಾವೇರಿಗೆ ಸೇರುವ ಊರು. ಅಲ್ಲಿಂದ ಹೆಬ್ಬಾಲೆ, ತೊರೆನೂರು, ಶಿರಂಗಾಲ ಕಡೆಗೆ. ಶಿರಂಗಾಲ ದಾಟಿ ಕೊಣನೂರು ಕಡೆ ಕಾಲಿಟ್ಟರೆ ಹಾಸನ ಜಿಲ್ಲೆ. 32 ಓಡಿದ ದಿನ ಹೆಬ್ಬಾಲೆ ದಾಟಿ ಮುಂದೆ ಹೋಗಿದ್ದೆವು, ಹಾಸನ ಮುಟ್ಟಲಿಲ್ಲ. ಮೂರು ಜಿಲ್ಲೆ ಒಂದೇ ಬೆಳಗ್ಗೆ ಮುಗಿಸಬೇಕು ಅಂತ ಅಂಕಲ್‌ಗೆ ಹಠ, ಮುಂದಿನ ಸಲಕ್ಕೆ ಅದೇ ಗುರಿ. ಭತ್ತದ ಗದ್ದೆ, ಶುಂಠಿ ಹೊಲ, ನಾಲೆ. ಕೊಡಗು ಅಂದರೆ ಮಂಜು, ಕಾಫಿ ತೋಟ ಅಂತ ಬರುವವರಿಗೆ ಈ ಭಾಗ ಗೊತ್ತೇ ಇರುವುದಿಲ್ಲ. ನನಗೂ ಈ ವರ್ಷದ ತನಕ ಇದು ಬಸ್ಸಿನ ಕಿಟಕಿಯಿಂದ ನೋಡಿದ ಊರುಗಳಷ್ಟೇ.

ನಿಜವಾದ ಗಡಿಯಲ್ಲೂ ಒಮ್ಮೆ ಓಡಿದೆವು. ಪೆರುಂಬಾಡಿಯಿಂದ ಮಾಕುಟ್ಟ ಘಾಟಿ ಇಳಿದು ಕೂಟುಪುಳ ಸೇತುವೆ ತನಕ. ಸೇತುವೆ ಆಚೆ ಕೇರಳದ ಕಣ್ಣೂರು ಜಿಲ್ಲೆ. ವಾಪಸ್ ಬಸ್ಸಿನಲ್ಲಿ, ಹತ್ತುವ ಆಸೆ ಯಾರಿಗೂ ಇರಲಿಲ್ಲ. ಓಡುವವರು ನೋಡಲೇಬೇಕಾದ ದಾರಿ ಅದು. ಎರಡೂ ಕಡೆ ಕಾಡು, ಪ್ರತಿ ತಿರುವಿನಲ್ಲೂ ನೀರಿನ ಸದ್ದು, ಹೆಜ್ಜೆಗೊಂದು ಜಿಗಣೆ. 2018ರ ಜೂನ್‌ನಲ್ಲಿ ಈ ಘಾಟಿಯಲ್ಲೇ ಗುಡ್ಡ ಕುಸಿದು ರಸ್ತೆ ಬಂದ್ ಆಗಿತ್ತು. 2020ರ ಮಾರ್ಚ್‌ನಲ್ಲಿ ಕೊರೊನಾ ಅಂತ ಇದೇ ರಸ್ತೆಗೆ ಅಡ್ಡ ಮಣ್ಣು ಸುರಿದಿದ್ದರು, ವಿಷಯ ಸುಪ್ರೀಂ ಕೋರ್ಟ್ ತನಕ ಹೋಯಿತು. ಅದೇ ಮಾರ್ಚ್‌ನಲ್ಲಿ ಅಮೆರಿಕ ಮತ್ತು ಕೆನಡಾದ ಗಡಿಯೂ ಮುಚ್ಚಿತು. 2020ರಲ್ಲಿ ಡೆಟ್ರಾಯಿಟ್ ಮ್ಯಾರಥಾನ್ ರಸ್ತೆಯಲ್ಲಿ ನಡೆಯಲೇ ಇಲ್ಲ, ಅವರವರ ಊರಿನಲ್ಲಿ ಓಡಿ ಲೆಕ್ಕ ಕಳಿಸಿದರು. 2021ರಲ್ಲಿ ಅಮೆರಿಕದ ದಡದಲ್ಲೇ ಓಡಿದರು, ಸೇತುವೆಯೂ ಇಲ್ಲ, ಸುರಂಗವೂ ಇಲ್ಲ. ವಿಂಡ್ಸರ್‌ನವರು ತಮ್ಮ ದಡದಲ್ಲೇ ನಿಂತು ನೋಡಬೇಕಾಯಿತು. ಇದನ್ನು ಬಸ್ಸಿನಲ್ಲಿ ಅಂಕಲ್‌ಗೆ ಹೇಳಿದರೆ ಅವರು ನಿದ್ದೆ ಮಾಡುತ್ತಿದ್ದರು.

ಸುರಂಗಕ್ಕೆ ತಯಾರಿ ಮಾಡುವುದು ಹೇಗೆ? ಓಡಿದವರೆಲ್ಲ ಹೇಳುವುದು ಮೂರು ವಿಷಯ. ಒಳಗೆ ಸೆಕೆ, ಹೊರಗಿನ ಚಳಿಯಿಂದ ಒಳಗೆ ಹೋದ ಕೂಡಲೇ ಬೆವರು. ಎರಡನೆಯದು, ಇಳಿದಷ್ಟು ಹತ್ತಬೇಕು, ಸುರಂಗದ ಬಾಯಿ ಹತ್ತುವುದು ಸೇತುವೆಗಿಂತ ಜಾಸ್ತಿ ಸುಸ್ತು ಮಾಡುತ್ತದೆ. ಮೂರನೆಯದು ವಾಚ್. ನದಿಯ ಕೆಳಗೆ ಜಿಪಿಎಸ್ ಸಿಗುವುದಿಲ್ಲ. ಹೊರಗೆ ಬಂದ ಮೇಲೆ ವಾಚ್ ಏನೇನೋ ಲೆಕ್ಕ ತೋರಿಸುತ್ತದೆ, ಅಕ್ಕನದ್ದಂತೂ ಅವಳು ಒಲಿಂಪಿಕ್ಸ್ ವೇಗದಲ್ಲಿ ಓಡಿದಳು ಅಂತ ತೋರಿಸಿತ್ತಂತೆ. ಆಮೇಲೆ ಇಡೀ ಓಟದಲ್ಲಿ ವಾಚಿನ ಕಿಲೋಮೀಟರಿಗೂ ರಸ್ತೆಯ ಫಲಕಕ್ಕೂ ಹೊಂದಿಕೆ ಆಗುವುದಿಲ್ಲ. ಎರಡು ದಾಟುಗಳೂ ಮೊದಲ ಅರ್ಧದಲ್ಲೇ ಮುಗಿಯುವುದರಿಂದ, ಉಳಿದ ದಾರಿಗೆ ವಾಚ್ ನಂಬುವ ಹಾಗಿಲ್ಲ. ನನ್ನ ಗುರಿ ನಾಲ್ಕೂವರೆ ಗಂಟೆ, ಅಂದರೆ ಕಿಲೋಮೀಟರಿಗೆ 6 ನಿಮಿಷ 24 ಸೆಕೆಂಡ್. ಅದನ್ನು ಉಸಿರಾಟದಿಂದಲೇ ಗುರುತಿಸಲು ಕಲಿಯುತ್ತಿದ್ದೇನೆ. ವಾರದ ಮಧ್ಯದ ಓಟದಲ್ಲಿ ಜಿಪಿಎಸ್ ಆರಿಸಿ, ಕಿಲೋಮೀಟರ್ ಕಲ್ಲು ಬಂದಾಗ ಮಾತ್ರ ಬಟನ್ ಒತ್ತುತ್ತೇನೆ. ಮೊದಮೊದಲು ಹತ್ತು ಹದಿನೈದು ಸೆಕೆಂಡ್ ಆಚೀಚೆ ಆಗುತ್ತಿತ್ತು, ಈಗ ಐದರೊಳಗೆ ಬರುತ್ತಿದೆ. ಈ ತಿಂಗಳು ನನಗೆ ಅತಿ ಖುಷಿ ಕೊಟ್ಟ ಪ್ರಗತಿ ಇದೇ.

ಊಟದ ಬಗ್ಗೆ ಕೇಳಿದವರಿಗೆ. ಉದ್ದದ ಓಟದ ಹಿಂದಿನ ರಾತ್ರಿ ಕಡಂಬುಟ್ಟು ಅಥವಾ ನೂಪುಟ್ಟು, ಜೊತೆಗೆ ಸಾದಾ ಸಾರು. ಅಕ್ಕಿ ಹೊಟ್ಟೆಗೆ ಹಗುರ, ಬೆಳಗ್ಗೆ ತೊಂದರೆ ಕೊಡುವುದಿಲ್ಲ. ಪಂದಿ ಕರಿ ಓಟ ಆದ ಮೇಲೆ ಮಾತ್ರ. ನಮ್ಮ ಕೊಡವರ ಆಯುಧ ಪೂಜೆಯ ಹಬ್ಬ ಕೈಲ್ ಮುಹೂರ್ತದ ವಾರ ಈ ನಿಯಮ ಪೂರ್ತಿ ಮುರಿದುಬಿತ್ತು, ಅದರ ಬಗ್ಗೆ ಚರ್ಚೆ ಬೇಡ. ಓಡುವಾಗ ಬಾಳೆಹಣ್ಣು, ಉಪ್ಪು ಹಾಕಿದ ಬೆಲ್ಲದ ನೀರು. ಓಟಗಾರರು ಶಕ್ತಿಗೆ ಅಂತ ನುಂಗುವ ಸಿಹಿ ಜೆಲ್ ಕೂಡ ಅಭ್ಯಾಸ ಮಾಡಿದ್ದೇನೆ, ರುಚಿ ದೇವರಿಗೇ ಪ್ರೀತಿ.

ಒಂದು ಎಚ್ಚರಿಕೆ, ಹೊರಗಿನಿಂದ ಬಂದು ಇಲ್ಲಿ ಓಡುವವರಿಗೆ. ಆಗಸ್ಟ್ ಮೊದಲ ವಾರ ಕಕ್ಕಡ 18ಕ್ಕೆ, ಅಂದರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ, ಮನೆಮನೆಯಲ್ಲಿ ಮದ್ದು ಸೊಪ್ಪಿನ ಪಾಯಸ ಮಾಡುತ್ತಾರೆ. ತಿಂದವರ ಮೂತ್ರದ ಬಣ್ಣ ಕೆಂಪಾಗುತ್ತದೆ, ಅದು ಸೊಪ್ಪಿನ ಬಣ್ಣ. ಮೈಸೂರಿನಿಂದ ನಮ್ಮ ಜೊತೆ ಓಡಲು ಬಂದಿದ್ದ ಹುಡುಗನಿಗೆ ಅಮ್ಮ ಎರಡು ಬಟ್ಟಲು ಬಡಿಸಿದ್ದರು. ಮಾರನೇ ದಿನ 24 ಕಿಲೋಮೀಟರ್ ಓಡಿದ ಮೇಲೆ ಅವನು ಬಚ್ಚಲಿನಿಂದ ಮುಖ ಬಿಳಿಚಿಕೊಂಡು ಬಂದ. ಜಾಸ್ತಿ ಓಡಿ ಸ್ನಾಯು ಹಾಳಾದರೆ ಮೂತ್ರ ಕಂದುಗೆಂಪು ಆಗುತ್ತದೆ, ಕಿಡ್ನಿಗೆ ಅಪಾಯ ಅಂತ ಅವನು ಎಲ್ಲೋ ಓದಿದ್ದ. ಅದೂ ನಿಜವೇ, ಹಾಗಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಆದರೆ ಆವತ್ತಿನದು ಪಾಯಸ. ಅಮ್ಮ ನಕ್ಕಿದ್ದು ಅವನಿಗೆ ಇನ್ನೂ ಕೋಪ.

ಶೂ ಒಣಗಿಸುವುದು ಮಳೆಗಾಲದ ದೊಡ್ಡ ತಲೆನೋವು. ಒಲೆ ಪಕ್ಕ ಇಟ್ಟರೆ ಬೇಗ ಒಣಗುತ್ತದೆ, ಆದರೆ ಬಿಸಿಗೆ ಅಂಟು ಸಡಿಲವಾಗಿ ಅಟ್ಟೆ ಬಾಯಿ ಬಿಡುತ್ತದೆ. ಶೂ ಒಳಗಿನ ಮೆತ್ತೆ (ಇನ್‌ಸೋಲ್) ತೆಗೆದು, ಹಳೇ ಪೇಪರ್ ತುರುಕಿ, ಎರಡು ಗಂಟೆಗೊಮ್ಮೆ ಪೇಪರ್ ಬದಲಿಸಿ. ಎರಡು ಜೊತೆ ಇದ್ದರೆ ಒಳ್ಳೆಯದು.

ಇನ್ನು ಉಳಿದದ್ದು. ಮುಂದಿನ ವಾರ ಕೊನೆಯ ಉದ್ದದ ಓಟ, ಆಮೇಲೆ ದೂರ ಇಳಿಸುತ್ತಾ ಬರುವುದು. ಅಲ್ಲಿ ಅಕ್ಟೋಬರ್ ಬೆಳಗ್ಗೆ ಹತ್ತು ಡಿಗ್ರಿಗಿಂತ ಕಡಿಮೆ ಇದ್ದರೂ ಆಶ್ಚರ್ಯ ಇಲ್ಲ, ಹಾಗಾಗಿ ಶುರುವಿನಲ್ಲಿ ಹಾಕಿ ಆಮೇಲೆ ಬಿಸಾಡಲು ಒಂದು ಹಳೇ ಸ್ವೆಟರ್ ಹುಡುಕಿಟ್ಟಿದ್ದೇನೆ. ಓಟ ಮೂರನೇ ಭಾನುವಾರ, ತಲಕಾವೇರಿಯ ತುಲಾ ಸಂಕ್ರಮಣದ ಆಸುಪಾಸಿಗೇ ಬರುತ್ತದೆ. ತೀರ್ಥೋದ್ಭವಕ್ಕೆ ಮನೆಯಲ್ಲಿ ಇರುವುದಿಲ್ಲ ಅಂತ ಅಮ್ಮನಿಗೆ ಬೇಸರ. ಅದಕ್ಕೆ ಸಮಾಧಾನ ಅಂತ ಅಕ್ಕನಿಗೆ ಕೊಡಲು ಕಾಫಿ ಪುಡಿ, ಕರಿಮೆಣಸು, ಒಂದು ಬಾಟಲಿ ಕಾಚಂಪುಳಿ (ಪಂದಿ ಕರಿಗೆ ಹಾಕುವ ನಮ್ಮ ಕಪ್ಪು ಹುಳಿ) ಎತ್ತಿಟ್ಟಿದ್ದಾರೆ. ಬಾಟಲಿ ಒಡೆಯದ ಹಾಗೆ ನನ್ನ ಓಡುವ ಶೂ ಒಳಗೆ ಸುತ್ತಿಡು ಅಂತ ಅವರ ಸಲಹೆ. ಅದಕ್ಕೆ ಮಾತ್ರ ಆಗಲ್ಲ ಅಂದಿದ್ದೇನೆ. ಆ ಶೂ ಲಗೇಜಿಗೆ ಹೋಗುವುದಿಲ್ಲ, ವಿಮಾನದಲ್ಲಿ ನನ್ನ ಕೈಚೀಲದಲ್ಲೇ ಬರುತ್ತದೆ. ಕಾಚಂಪುಳಿ ಸ್ವೆಟರಿನಲ್ಲಿ ಬರಲಿ.