9 ಎಂಎಂ ರೀಲೋಡಿಂಗ್: ಮೊದಲ ಐವತ್ತು ಕಾಡತೂಸು

ಮೊದಲು ಕಾನೂನಿನ ಮಾತು. ರೀಲೋಡಿಂಗ್ ಎಂದರೆ ಹೊಡೆದ ಕಾಡತೂಸಿನ ಕೇಸನ್ನು ಮತ್ತೆ ತುಂಬಿ ಬಳಸುವುದು. ಪಿಸ್ತೂಲಿನ 9 ಎಂಎಂ ಕಾಡತೂಸಿನ ಬಗ್ಗೆ ಇಲ್ಲಿ ಬರೆದದ್ದು ಅಮೆರಿಕದಲ್ಲಿರುವವರಿಗೆ. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಮದ್ದುಗುಂಡು ತಯಾರಿಸಲು ಬೇರೆಯೇ ಲೈಸೆನ್ಸ್ ಬೇಕು, ಕೋವಿಯ ಲೈಸೆನ್ಸ್ ಸಾಲದು. ಕೊಡಗಿನವರಿಗಿರುವ ವಿನಾಯಿತಿಯೂ ಕೋವಿ ಹೊಂದುವುದಕ್ಕೇ ಹೊರತು ತಯಾರಿಕೆಗಲ್ಲ. ಅಮೆರಿಕದ ಫೆಡರಲ್ ಕಾನೂನಿನಲ್ಲಿ ಸ್ವಂತ ಬಳಕೆಗೆ ರೀಲೋಡ್ ಮಾಡಲು ಲೈಸೆನ್ಸ್ ಬೇಡ, ಮಾರುವುದಕ್ಕೆ ಬೇಕು. ಎಚ್-1ಬಿ, ಎಫ್-1 ವೀಸಾದಲ್ಲಿರುವವರು ಮಾತ್ರ ಇಲ್ಲೇ ನಿಲ್ಲಬೇಕು. ಬೇಟೆ ಲೈಸೆನ್ಸಿನಂಥ ಕೆಲವು ವಿನಾಯಿತಿ ಬಿಟ್ಟರೆ, ಅವರು ಒಂದು ಕಾಡತೂಸು ಇಟ್ಟುಕೊಂಡರೂ ಅಪರಾಧ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಡೆ ಇಲ್ಲ, ಆದರೂ ತಮ್ಮ ರಾಜ್ಯದ ಕಾನೂನನ್ನು ಒಮ್ಮೆ ಓದಿಕೊಳ್ಳಿ.

ಕಾಡತೂಸಿನಲ್ಲಿ ನಾಲ್ಕೇ ಭಾಗ: ಹಿತ್ತಾಳೆಯ ಕೇಸು, ಪ್ರೈಮರ್, ಮದ್ದಿನ ಪುಡಿ, ಬುಲೆಟ್. ದೀಪಾವಳಿಯಲ್ಲಿ ಮಕ್ಕಳು ಹೊಡೆಯುವ ಕೇಪು ಹೇಗೆ ಏಟು ಬಿದ್ದೊಡನೆ ಹೊತ್ತುತ್ತದೋ ಪ್ರೈಮರ್ ಕೂಡ ಹಾಗೆಯೇ, ಆದರೆ ಬಹಳ ಬಲ. ಹೊಡೆದ ಮೇಲೆ ಉಳಿಯುವುದು ಕೇಸು ಮಾತ್ರ. ಅದನ್ನು ತಿದ್ದಿ ಉಳಿದ ಮೂರನ್ನು ಹೊಸದಾಗಿ ತುಂಬುವುದೇ ರೀಲೋಡಿಂಗ್.

ಹೊಸಬರು ಸಿಂಗಲ್ ಸ್ಟೇಜ್ ಪ್ರೆಸ್ ಎಂಬ ಕೈಯಂತ್ರ ಕೊಳ್ಳಿ. ಹಿಡಿ ಒಮ್ಮೆ ಎಳೆದರೆ ಒಂದೇ ಕೆಲಸ ಆಗುತ್ತದೆ. ಗಂಟೆಗೆ ನೂರು ಆದರೆ ಹೆಚ್ಚು, ಆದರೆ ಪ್ರತಿ ಹಂತವೂ ಕಣ್ಣೆದುರೇ ನಡೆಯುತ್ತದೆ. ಗಂಟೆಗೆ ನಾನೂರು ಕೊಡುವ ಪ್ರೋಗ್ರೆಸಿವ್ ಯಂತ್ರದಲ್ಲಿ ನಾಲ್ಕೈದು ಕೆಲಸ ಒಟ್ಟಿಗೆ ಸಾಗುವುದರಿಂದ ತಪ್ಪೂ ಅಷ್ಟೇ ಬೇಗ ಜಾರಿಹೋಗುತ್ತದೆ. ಜೊತೆಗೆ ಕಾರ್ಬೈಡ್ ಡೈ ಸೆಟ್ (ಪ್ರೆಸ್ಸಿಗೆ ಹಾಕುವ ಗಟ್ಟಿ ಲೋಹದ ಅಚ್ಚುಗಳು), ತೂಕದ ತಕ್ಕಡಿ, ಉದ್ದ ಅಳೆಯುವ ಡಯಲ್ ಕ್ಯಾಲಿಪರ್, ಕೇಸು ನಿಲ್ಲಿಸಲು ಐವತ್ತು ಕುಳಿಯ ಲೋಡಿಂಗ್ ಬ್ಲಾಕ್, ತಪ್ಪಿದ್ದನ್ನು ಬಿಚ್ಚಲು ಸುತ್ತಿಗೆಯಂಥ ಬುಲೆಟ್ ಪುಲ್ಲರ್, ಕಣ್ಣಿಗೆ ಕನ್ನಡಕ. ಕಾರ್ಬೈಡ್ ಡೈಗೆ ಕೇಸಿಗೆ ಎಣ್ಣೆ ಸವರುವ ಕೆಲಸವಿಲ್ಲ, ಇದೊಂದರಲ್ಲಿ ದುಡ್ಡು ಉಳಿಸಬೇಡಿ. ಇವೆಲ್ಲಕ್ಕಿಂತ ಮೊದಲು ಮದ್ದಿನ ಅಳತೆಗಳಿರುವ ಹೊಸ ಆವೃತ್ತಿಯ ಲೋಡ್ ಪುಸ್ತಕವೊಂದು ಕೈಯಲ್ಲಿರಲಿ. ಲೈಮನ್, ಹಾರ್ನಡಿ, ಸ್ಪೀರ್, ಯಾವುದಾದರೂ ಸರಿ.

ಕೇಸುಗಳನ್ನು ಮೊದಲು ಆರಿಸಿ. ಬುಡದ ಮುದ್ರೆ ಓದಿ. .380 ಎಂಬ ಗಿಡ್ಡ ಕಾಡತೂಸಿನ ಕೇಸು 9 ಎಂಎಂ ರಾಶಿಯಲ್ಲಿ ಸದ್ದಿಲ್ಲದೆ ಸೇರಿಕೊಂಡಿರುತ್ತದೆ. ಬಾಯಲ್ಲಿ ಸೀಳು, ಬುಡದಲ್ಲಿ ಉಬ್ಬು ಕಂಡರೆ ಗುಜರಿಗೆ ಹಾಕಿ. ಒಳಗೆ ಬೆಳಕು ಬಿಟ್ಟು ನೋಡಿ: ನಡುವೆ ಒಂದೇ ತೂತಿದ್ದರೆ ಬಾಕ್ಸರ್ ಬಗೆಯ ಕೇಸು, ಕೆಲಸಕ್ಕೆ ಬರುತ್ತದೆ. ಎರಡು ಸಣ್ಣ ತೂತಿದ್ದರೆ ಬರ್ಡನ್ ಬಗೆಯದು, ಹಳೆ ಪ್ರೈಮರ್ ತಳ್ಳುವ ಡೈಯ ಪಿನ್ನು ಮುರಿಯುತ್ತದೆ. ಮಿಲಿಟರಿ ಕೇಸಿನ ಪ್ರೈಮರ್ ಗುಂಡಿಯ ಸುತ್ತ ಒತ್ತಿದ ಅಂಚಿರುತ್ತದೆ, ಅದನ್ನು ತೆಗೆಯದೆ ಹೊಸ ಪ್ರೈಮರ್ ಕೂರುವುದಿಲ್ಲ. ಮೆಕ್ಕೆಜೋಳದ ದಿಂಡಿನ ತರಿ ಹಾಕಿದ ಟಂಬ್ಲರ್ ಎಂಬ ಯಂತ್ರದಲ್ಲಿ ಎರಡು ಗಂಟೆ ಉರುಳಿಸಿದರೆ ಹೊಳಪು ಬರುತ್ತದೆ. ಆ ಧೂಳಿನಲ್ಲಿ ಸೀಸವಿರುತ್ತದೆ. ಮುಚ್ಚಳ ತೆಗೆಯುವುದು ಮನೆಯ ಹೊರಗೆ, ಆಮೇಲೆ ಕೈ ತೊಳೆಯದೆ ಏನನ್ನೂ ಮುಟ್ಟಬೇಡಿ.

ಮೊದಲ ಡೈ ಹಳೆ ಪ್ರೈಮರ್ ತಳ್ಳಿ ಕೇಸನ್ನು ಮೂಲ ಅಳತೆಗೆ ಇಳಿಸುತ್ತದೆ. ನಂತರ ಹೊಸ ಸ್ಮಾಲ್ ಪಿಸ್ಟಲ್ ಪ್ರೈಮರ್ ಕೂರಿಸಬೇಕು. ಕೂತ ಮೇಲೆ ಬೆರಳ ತುದಿಯಿಂದ ಬುಡ ಸವರಿ: ಪ್ರೈಮರ್ ಕೂದಲೆಳೆಯಷ್ಟು ತಗ್ಗಿನಲ್ಲಿರಬೇಕು. ಎತ್ತರವಿದ್ದರೆ ಪಿಸ್ತೂಲಿನ ಪಿನ್ನಿನ ಮೊದಲ ಏಟು ಅದನ್ನು ಒಳಗೆ ತಳ್ಳುವುದರಲ್ಲೇ ಮುಗಿದು ಹೊತ್ತದೆ ಹೋಗಬಹುದು. ಇನ್ನೂ ಕೆಟ್ಟದ್ದೆಂದರೆ, ಪಿಸ್ತೂಲಿನ ಮೇಲೆ ಹಿಂದೆಮುಂದೆ ಜಾರುವ ಸ್ಲೈಡು ಮುಚ್ಚುವಾಗಲೇ ಹೊತ್ತಬಹುದು. ಎರಡನೇ ಡೈ ಬಾಯಿಯನ್ನು ಬುಲೆಟ್ ನಿಲ್ಲುವಷ್ಟು ಮಾತ್ರ ಅಗಲಿಸಬೇಕು. ಹೆಚ್ಚು ಅಗಲಿಸಿದರೆ ಕೇಸು ಬೇಗ ಸೀಳುತ್ತದೆ.

ಈಗ ಮದ್ದು. ಅಳತೆ ಗ್ರೇನಿನಲ್ಲಿ. ಅಕ್ಕಸಾಲಿಗರ ಒಂದು ಗುಲಗಂಜಿ ತೂಕವೆಂದರೆ ಹೆಚ್ಚುಕಡಿಮೆ ಎರಡು ಗ್ರೇನ್. 9 ಎಂಎಂಗೆ ಹಾಕುವ ಮದ್ದು ಎರಡು ಮೂರು ಗುಲಗಂಜಿಯ ಆಸುಪಾಸು, ಅಷ್ಟೇ. ಇಷ್ಟು ಸಣ್ಣ ತೂಕದಲ್ಲಿ ಅರ್ಧ ಗ್ರೇನ್ ತಪ್ಪಿದರೂ ಅದು ದೊಡ್ಡ ತಪ್ಪು. ನಿಖರ ಅಂಕಿಯನ್ನು ಇಲ್ಲಿ ಬೇಕೆಂದೇ ಕೊಟ್ಟಿಲ್ಲ. ನಿಮ್ಮ ಪುಡಿ, ನಿಮ್ಮ ಬುಲೆಟ್ಟಿನ ತೂಕ ಮತ್ತು ಆಕಾರಕ್ಕೆ ಪುಸ್ತಕದಲ್ಲಿರುವ ಆರಂಭದ ಅಳತೆಯಿಂದಲೇ ಶುರುಮಾಡಿ, ಗರಿಷ್ಠದಿಂದಲ್ಲ. ಯಾರೋ ಬಾಯಲ್ಲಿ ಹೇಳಿದ ಅಳತೆ ಬೇಡ. ಮೇಜಿನ ಮೇಲೆ ಒಂದೇ ಪುಡಿಯ ಡಬ್ಬ ಇರಲಿ. ಎರಡು ಪುಡಿ ಬೆರೆತವೆಂದು ಅನುಮಾನ ಬಂದರೂ ಅದನ್ನು ಬಳಸಬೇಡಿ. ತಕ್ಕಡಿಯನ್ನು ಕೂತಾಗಲೆಲ್ಲ ಪರೀಕ್ಷಾ ತೂಕದಿಂದ ನೋಡಿ, ಫ್ಯಾನ್ ಆರಿಸಿ.

ಜೀವಕ್ಕೆ ಎರವಾಗುವ ತಪ್ಪುಗಳೆರಡೂ ಇದೇ ಹಂತದವು. ಒಂದು, ಎರಡು ಸಲ ತುಂಬುವುದು. ಬೇಗ ಉರಿಯುವ ಕೆಲವು ಪುಡಿಗಳು ದುಪ್ಪಟ್ಟು ಹಾಕಿದರೂ ಕೇಸಿನಲ್ಲಿ ಹಿಡಿಯುತ್ತವೆ, ಹೊಡೆದರೆ ಪಿಸ್ತೂಲೇ ಸಿಡಿಯುತ್ತದೆ. ಅದಕ್ಕೇ ಹೊಸಬರು ದುಪ್ಪಟ್ಟಾದರೆ ಉಕ್ಕಿ ಚೆಲ್ಲುವಂಥ, ಹೆಚ್ಚು ಜಾಗ ತುಂಬುವ ಪುಡಿ ಆರಿಸಿಕೊಳ್ಳಬೇಕು. ಇನ್ನೊಂದು, ಪುಡಿಯೇ ಇಲ್ಲದಿರುವುದು. ಪ್ರೈಮರಿನ ಬಲಕ್ಕೆ ಬುಲೆಟ್ ನಳಿಕೆಯೊಳಗೆ ಹೋಗಿ ಸಿಕ್ಕಿಕೊಳ್ಳುತ್ತದೆ, ಹಿಂದಿನಿಂದ ಇನ್ನೊಂದು ಹೊಡೆದರೆ ನಳಿಕೆ ಬಿರಿಯುತ್ತದೆ. ಎರಡಕ್ಕೂ ಪರಿಹಾರ ಲೋಡಿಂಗ್ ಬ್ಲಾಕ್. ಐವತ್ತೂ ಕೇಸಿಗೆ ಪುಡಿ ಹಾಕಿ, ಟಾರ್ಚನ್ನು ಓರೆಯಾಗಿ ಹಿಡಿದು ಸಾಲುಸಾಲಾಗಿ ಇಣುಕಿ ನೋಡಿ. ಐವತ್ತು ಪುಟ್ಟ ಬಾವಿಗಳಲ್ಲಿ ನೀರು ಒಂದೇ ಮಟ್ಟಕ್ಕೆ ನಿಂತ ಹಾಗೆ ಕಾಣಬೇಕು. ಒಂದು ಬಾವಿ ಕಪ್ಪಗೆ ಆಳವಾಗಿ ಕಂಡರೆ, ಇಲ್ಲವೇ ಒಂದು ಮೇಲೆ ಬಂದಂತೆ ಕಂಡರೆ, ಸುರಿದು ಮತ್ತೆ ತೂಗಿ. ಈ ನೋಟ ಮುಗಿಯುವವರೆಗೆ ಒಂದು ಬುಲೆಟ್ಟನ್ನೂ ಇಡಬೇಡಿ. ನಡುವೆ ಫೋನ್ ಬಂದು ಎದ್ದುಹೋದಿರಾ? ವಾಪಸ್ ಬಂದು ಮೊದಲ ಕುಳಿಯಿಂದ ನೋಡಿ.

ಮೂರನೇ ಡೈ ಬುಲೆಟ್ ಕೂರಿಸುತ್ತದೆ. 9 ಎಂಎಂನ ಒಟ್ಟು ಉದ್ದ ಹೆಚ್ಚೆಂದರೆ 1.169 ಇಂಚು, ಆದರೆ ನಿಮ್ಮ ಬುಲೆಟ್ಟಿಗೆ ಪುಸ್ತಕ ಹೇಳಿದ ಉದ್ದವೇ ನಿಮ್ಮ ಉದ್ದ. ಅದಕ್ಕಿಂತ ಒಳಗೆ ಸರಿದರೆ ಕೇಸಿನೊಳಗಿನ ಜಾಗ ಕಿರಿದಾಗಿ ಒತ್ತಡ ಸರ್ರನೆ ಏರುತ್ತದೆ. ಕಡೆಗೆ ಟೇಪರ್ ಕ್ರಿಂಪ್: ಅಗಲಿಸಿದ ಬಾಯನ್ನು ನೆಟ್ಟಗೆ ಮಾಡಿದರೆ ಸಾಕು, ಬಾಯಂಚಿನ ಅಳತೆ 0.378 ಇಂಚಿನ ಹತ್ತಿರ ಬರಲಿ. 9 ಎಂಎಂ ಕಾಡತೂಸು ಚೇಂಬರಿನಲ್ಲಿ, ಅಂದರೆ ನಳಿಕೆಯ ಹಿಂತುದಿಯ ಗೂಡಿನಲ್ಲಿ, ಕೇಸಿನ ಬಾಯಂಚಿನ ಮೇಲೆ ನಿಲ್ಲುವುದರಿಂದ ರಿವಾಲ್ವರಿನಂತೆ ಅಂಚನ್ನು ಒಳಮಡಚಬಾರದು. ತಯಾರಾದ ಕಾಡತೂಸನ್ನು ಹೆಬ್ಬೆರಳಿನಿಂದ ಮೇಜಿನ ಅಂಚಿಗೆ ಒತ್ತಿ ಮತ್ತೆ ಅಳೆಯಿರಿ, ಉದ್ದ ಬದಲಾಗಬಾರದು. ಪಿಸ್ತೂಲಿನಿಂದ ಬಿಚ್ಚಿ ಬೇರೆ ಮಾಡಿದ ನಳಿಕೆಯಲ್ಲಿ ಬಿಟ್ಟರೆ ಟಕ್ಕೆಂದು ಕೂತು, ತಿರುಗಿಸಿದರೆ ತಿರುಗಿ, ಬಗ್ಗಿಸಿದರೆ ತಾನೇ ಜಾರಿ ಬೀಳಬೇಕು. ಬಿಗಿಯಾದರೆ ಉದ್ದ ಹೆಚ್ಚಿದೆ, ಇಲ್ಲವೇ ಕ್ರಿಂಪ್ ಸಾಲದು.

ಪೆಟ್ಟಿಗೆಯ ಮೇಲೆ ದಿನಾಂಕ, ಪುಡಿ, ಗ್ರೇನ್, ಬುಲೆಟ್, ಪ್ರೈಮರ್, ಉದ್ದ ಬರೆದು ಅಂಟಿಸಿ. ಪುಡಿ, ಪ್ರೈಮರ್ ಎರಡೂ ಅವುಗಳ ಮೂಲ ಡಬ್ಬದಲ್ಲೇ ಇರಲಿ, ಬೀಗದೊಳಗೆ.

ರೇಂಜಿನಲ್ಲಿ ಮೊದಲು ಐದು ಹೊಡೆದು ಕೇಸು ನೋಡಿ. ಪ್ರೈಮರ್ ಅಪ್ಪಚ್ಚಿಯಾಗಿದ್ದರೆ ಅಥವಾ ಕೇಸು ವಿಪರೀತ ದೂರ ಹಾರುತ್ತಿದ್ದರೆ ನಿಲ್ಲಿಸಿ. ಢಂ ಎನ್ನುವ ಕಡೆ ಪುಸ್ಸೆಂದು ಸದ್ದಾದರೆ ಮತ್ತೆ ಕುದುರೆ (ಟ್ರಿಗರ್) ಒತ್ತಬೇಡಿ. ಪಿಸ್ತೂಲಿನ ಬಾಯಿ ಗುರಿಯ ಕಡೆಗೇ ಇರಲಿ, ಮೂವತ್ತು ಸೆಕೆಂಡು ಕಾಯಿರಿ, ಮ್ಯಾಗಜೀನ್ ತೆಗೆದು ಚೇಂಬರ್ ಖಾಲಿ ಮಾಡಿ, ನಳಿಕೆಯಲ್ಲಿ ಹಿತ್ತಾಳೆ ಕಡ್ಡಿ ತೂರಿಸಿ ನೋಡಿ. ಕಡ್ಡಿ ಸರಾಗವಾಗಿ ಈ ತುದಿಯಿಂದ ಆ ತುದಿಗೆ ಬಂದರೆ ಮಾತ್ರ ಮುಂದಿನದು.